ಬೀಗ ಕಾಣುವ ಮೊದಲೇ ಬಂದ ಬೀಗದ ಕೈ

(ಕಾರ್ಮಿಕರ ವಾಚನಾಲಯದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಮುಂದೆ ಮಾಡಿದ ಭಾಷಣದ ಪಾಠ)



ವಿಜ್ಞಾನದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ವಾಚನಾಲಯದ ಮಿತ್ರರು ಕೇಳಿಕೊಂಡಾಗ ನಾವು ದೂರದ ನಕ್ಷತ್ರಗಳ ಕಡೆಗೆ ಹೋಗಲಿಲ್ಲ. ನಿಮ್ಮಲ್ಲಿ ಹಲವರ ಅಂಗಿಯ ಜೇಬಿನಲ್ಲಿಯೋ ಮನೆಯ ಗೂಡಿನಲ್ಲಿಯೋ ಇರುವ ಒಂದು ಸಣ್ಣ ಮಾತ್ರೆಯನ್ನು ಆರಿಸಿಕೊಂಡೆವು. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಎಂದು ಅದಕ್ಕೆ ಹಲವು ಹೆಸರು; ಎಲ್ಲವೂ 'ಪ್ರಿಲ್' ಎಂಬಲ್ಲಿಗೆ ಮುಗಿಯುತ್ತವೆ. ರಕ್ತದ ಒತ್ತಡ ಹೆಚ್ಚಿದವರಿಗೆ, ಹೃದಯ ಸೋತವರಿಗೆ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಡುತ್ತಿರುವವರಿಗೆ ವೈದ್ಯರು ಇದನ್ನು ಬರೆದುಕೊಡುತ್ತಾರೆ.

ಈ ಮಾತ್ರೆಯ ಗತಿ ಏನಾಗುತ್ತದೆಂಬುದು ನಿಮಗೆ ಗೊತ್ತು. ಒಂದು ತಿಂಗಳು ನುಂಗುತ್ತೇವೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಇನ್ನು ಯಾತಕ್ಕೆ ಎಂದು ಬಿಡುತ್ತೇವೆ. ಇಲ್ಲವೇ ಒಣಕೆಮ್ಮು ಶುರುವಾಗುತ್ತದೆ. ಗಿರಣಿಯ ಹತ್ತಿಯ ಧೂಳಿನಿಂದಲೋ ಅಂಗಡಿಯ ಮೆಣಸಿನಕಾಯಿ ಘಾಟಿನಿಂದಲೋ ಬಂತೆಂದು ತಿಳಿದು ಕೆಮ್ಮಿಗೆ ಇನ್ನೊಂದು ಔಷಧ ತರುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ನಮ್ಮ ದೇಶದಲ್ಲಿ 30ರಿಂದ 79 ವಯಸ್ಸಿನೊಳಗೆ ಸುಮಾರು 18 ಕೋಟಿ 80 ಲಕ್ಷ ಮಂದಿಗೆ ಏರಿದ ರಕ್ತದೊತ್ತಡವಿದೆ. ತಮಗೆ ಅದು ಇದೆಯೆಂದು ಗೊತ್ತಿರುವವರು ಅವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಗೊತ್ತಿದ್ದೂ ಔಷಧ ಬಿಟ್ಟವರು ಮತ್ತೆಷ್ಟೋ!

ಆ ಮಾತ್ರೆ ಮೈಯೊಳಗೆ ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ತಿಳಿದವನು ಅದನ್ನು ಅಷ್ಟು ಸುಲಭವಾಗಿ ಬಿಡಲಾರನು ಎಂದು ನಮ್ಮ ನಂಬಿಕೆ. ಅದು ಹೋಗಿ ಕೂಡುವ ಜಾಗವನ್ನು 2003ರಲ್ಲಿ ವಿಜ್ಞಾನಿಗಳು ಪರಮಾಣು ಪರಮಾಣುವಾಗಿ ಗುರುತಿಸಿದರು. ಆ ಕಥೆಯನ್ನು ಮೊದಲಿನಿಂದ ಹೇಳುತ್ತೇವೆ.

ಕಿಣ್ವವೆಂದರೇನು?

ಬರಿಯ ಅನ್ನವನ್ನು ಬಾಯಲ್ಲಿಟ್ಟು ನುಂಗದೆ ಬಹಳ ಹೊತ್ತು ಅಗಿದು ನೋಡಿ, ನಿಧಾನವಾಗಿ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಒಂದು ವಸ್ತು ಅನ್ನದ ಗಂಜಿಯನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಇಂಥ ವಸ್ತುಗಳಿಗೆ ಕಿಣ್ವಗಳೆಂದು ಹೆಸರು. ನಮ್ಮ ಮೈಯಲ್ಲಿ ಇಂಥವು ಸಾವಿರಾರು ಇವೆ. ಒಂದೊಂದಕ್ಕೂ ಒಂದೊಂದು ಕೆಲಸ. ಗಿರಣಿಯಲ್ಲಿ ಹತ್ತಿ ಬಿಡಿಸುವ ಯಂತ್ರ ಬಟ್ಟೆ ನೇಯುವುದಿಲ್ಲ, ನೇಯುವ ಮಗ್ಗ ಹತ್ತಿ ಬಿಡಿಸುವುದಿಲ್ಲ. ಕಿಣ್ವಗಳಲ್ಲಿಯೂ ಹಾಗೆಯೇ.

ಕಿಣ್ವಗಳು ಬಹುಮಟ್ಟಿಗೆ ಪ್ರೊಟೀನುಗಳು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಒಂದು ದಾರದಲ್ಲಿ ಪೋಣಿಸಿದಂತೆ ಪ್ರೊಟೀನು ತಯಾರಾಗುತ್ತದೆ. ಆ ದಾರ ಚಾಚಿಕೊಂಡು ಬಿದ್ದಿರುವುದಿಲ್ಲ. ಸುತ್ತಿಕೊಂಡು, ಮಡಿಚಿಕೊಂಡು ಒಂದು ಗೊತ್ತಾದ ಆಕಾರದ ಉಂಡೆಯಾಗುತ್ತದೆ. ಆ ಉಂಡೆಯಲ್ಲಿ ಒಂದು ಸಂದು ಉಂಟು. ಆ ಸಂದಿಗೆ ಸರಿಯಾಗಿ ಹೊಂದುವ ವಸ್ತು ಬಂದು ಸಿಕ್ಕಿದರೆ ಕಿಣ್ವ ಅದನ್ನು ಕತ್ತರಿಸುತ್ತದೆ ಅಥವಾ ಜೋಡಿಸುತ್ತದೆ. ಕಿಣ್ವವೆಂದರೆ ಬೀಗ, ಅದಕ್ಕೆ ಹೊಂದುವ ವಸ್ತುವೆಂದರೆ ಬೀಗದ ಕೈ ಎಂಬ ಹೋಲಿಕೆಯನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಎಮಿಲ್ ಫಿಷರ್ 1894ರಲ್ಲಿಯೇ ಕೊಟ್ಟನು. ಆದರೆ ಆತ ಯಾವ ಬೀಗವನ್ನೂ ಕಂಡಿರಲಿಲ್ಲ. ಕಿಣ್ವದ ಆಕಾರವನ್ನು ಕಾಣುವ ಸಾಧನ ಆ ಕಾಲದಲ್ಲಿ ಇರಲೇ ಇಲ್ಲ.

ಒತ್ತಡ ಏರಿಸುವ ಕಿಣ್ವ

ನಮ್ಮ ಇಂದಿನ ಕಥೆಯ ಕಿಣ್ವಕ್ಕೆ ಆಂಜಿಯೋಟೆನ್ಸಿನ್ ಪರಿವರ್ತಕ ಕಿಣ್ವ ಎಂದು ಹೆಸರು. ಹೆಸರು ಉದ್ದವಾದುದರಿಂದ ಪರಿವರ್ತಕ ಕಿಣ್ವ ಎಂದಷ್ಟೇ ಕರೆಯೋಣ. ಇದರ ಕೆಲಸ ಹೀಗಿದೆ.

ರಕ್ತದ ಒತ್ತಡ ಇಳಿದರೆ ಅಥವಾ ಮೈಯಲ್ಲಿ ಉಪ್ಪುನೀರು ಕಡಮೆಯಾದರೆ ಮೂತ್ರಪಿಂಡಗಳು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ಇದನ್ನು ಸ್ಟಾಕ್‌ಹೋಮಿನಲ್ಲಿ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬವರು ಮೊಲದ ಮೂತ್ರಪಿಂಡದಲ್ಲಿ ಕಂಡು 1898ರಲ್ಲಿ ಪ್ರಕಟಿಸಿದರು. ಯಕೃತ್ತಿನಿಂದ ಬಂದ ಒಂದು ದೊಡ್ಡ ಪ್ರೊಟೀನನ್ನು ರೆನಿನ್ ಕತ್ತರಿಸಿ, ಹತ್ತು ಮಣಿಗಳ ಒಂದು ಚಿಕ್ಕ ಸರವನ್ನು ಮಾಡುತ್ತದೆ. ಈ ಹತ್ತು ಮಣಿಯ ಸರ ತಾನಾಗಿ ಹೆಚ್ಚೇನೂ ಮಾಡದು. ಪರಿವರ್ತಕ ಕಿಣ್ವ ಅದರ ಕೊನೆಯ ಎರಡು ಮಣಿಗಳನ್ನು ಕತ್ತರಿಸಿ ತೆಗೆಯುತ್ತದೆ. ಉಳಿದ ಎಂಟು ಮಣಿಯ ಸರವಿದೆಯಲ್ಲ, ಅದು ಬಲು ಬಿರುಸಿನದು. ರಕ್ತನಾಳಗಳನ್ನು ಬಿಗಿಯುತ್ತದೆ, ಉಪ್ಪನ್ನೂ ನೀರನ್ನೂ ಮೈಯಲ್ಲಿ ಹಿಡಿದಿಡುವಂತೆ ಮಾಡುತ್ತದೆ. ಒತ್ತಡ ಏರುತ್ತದೆ. ಈ ಪರಿವರ್ತಕ ಕಿಣ್ವವನ್ನು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸ್ಕೆಗ್ಸ್ ಮತ್ತು ಅವರ ಸಂಗಡಿಗರು 1956ರಲ್ಲಿ ಕುದುರೆಯ ರಕ್ತದಿಂದ ಬೇರ್ಪಡಿಸಿ ತೋರಿಸಿದರು.

ಇದಕ್ಕೆ ಎರಡನೆಯದೊಂದು ಕೆಲಸವೂ ಇದೆ. ರಕ್ತನಾಳಗಳನ್ನು ಸಡಿಲಿಸಿ ಒತ್ತಡ ಇಳಿಸುವ ಬ್ರಾಡಿಕೈನಿನ್ ಎಂಬ ಇನ್ನೊಂದು ಚಿಕ್ಕ ಸರ ನಮ್ಮ ಮೈಯಲ್ಲಿದೆ. ಪರಿವರ್ತಕ ಕಿಣ್ವ ಅದನ್ನೂ ತುಂಡರಿಸಿ ಹಾಳುಮಾಡುತ್ತದೆ. ತಕ್ಕಡಿಯ ಒಂದು ತಟ್ಟೆಗೆ ತೂಕ ಹಾಕುತ್ತ, ಇನ್ನೊಂದು ತಟ್ಟೆಯಿಂದ ತೂಕ ತೆಗೆಯುತ್ತ ಇದ್ದರೆ ಏನಾದೀತೋ ಅದೇ ಆಗುತ್ತದೆ. ಗಾಯವಾಗಿ ರಕ್ತ ಸೋರಿದಾಗ ಈ ವ್ಯವಸ್ಥೆ ನಮ್ಮ ಜೀವ ಉಳಿಸುತ್ತದೆ. ಆದರೆ ವರ್ಷಗಟ್ಟಲೆ ಒತ್ತಡ ಏರಿಯೇ ಇದ್ದರೆ ಮೆದುಳಿನ ನಾಳ ಒಡೆಯಬಹುದು, ಹೃದಯ ಸೋಲಬಹುದು, ಮೂತ್ರಪಿಂಡ ಕೆಡಬಹುದು. ಎರಡನೆಯ ಕೆಲಸದ ಸಂಗತಿಯನ್ನು ನೆನಪಿಟ್ಟಿರಿ. ಕೆಮ್ಮಿನ ಮಾತು ಬರುವಾಗ ಅದು ಬೇಕಾಗುತ್ತದೆ.

ಹಾವಿನ ನಂಜು ಕೊಟ್ಟ ಸುಳಿವು

ಬೀಗ ಕಾಣದಿದ್ದರೂ ಮೊದಲ ಬೀಗದ ಕೈ ಸಿಕ್ಕಿದ್ದು ಒಂದು ಹಾವಿನ ಬಾಯಲ್ಲಿ. ಬ್ರೆಜಿಲ್ ದೇಶದಲ್ಲಿ ಜರಾರಾಕ ಎಂಬ ಹಾವಿದೆ. ನಮ್ಮ ಮಂಡಲದ ಹಾವುಗಳ ಕುಟುಂಬಕ್ಕೆ ಸೇರಿದ್ದು. ಇದು ಕಚ್ಚಿದರೆ ರಕ್ತದ ಒತ್ತಡ ಕುಸಿದುಬೀಳುತ್ತದೆ. ಸಾವೊ ಪೌಲೊ ನಗರದಲ್ಲಿ ರೋಷಾ ಇ ಸಿಲ್ವ, ಬೆರಾಲ್ಡೊ, ರೋಸೆನ್‌ಫೆಲ್ಡ್ ಎಂಬ ಮೂವರು ಈ ಹಾವಿನ ನಂಜನ್ನು ರಕ್ತದ ದ್ರವದೊಡನೆ ಬೆರೆಸಿ ನೋಡುತ್ತಿದ್ದಾಗಲೇ ಮೇಲೆ ಹೇಳಿದ ಬ್ರಾಡಿಕೈನಿನ್ ಸಿಕ್ಕಿತು, 1949ರಲ್ಲಿ ಪ್ರಕಟಿಸಿದರು. ರೋಷಾ ಇ ಸಿಲ್ವರ ಶಿಷ್ಯ ಸೆರ್ಜಿಯೊ ಫೆರೈರ 1965ರಲ್ಲಿ ಮತ್ತೂ ಒಂದು ಸಂಗತಿ ಕಂಡರು: ನಂಜಿನಲ್ಲಿರುವ ಯಾವುದೋ ವಸ್ತು ಬ್ರಾಡಿಕೈನಿನ್ ಹಾಳಾಗದಂತೆ ತಡೆಯುತ್ತದೆ.

ಫೆರೈರ ಆ ನಂಜಿನ ಸಾರವನ್ನು ಲಂಡನ್ನಿಗೆ, ಜಾನ್ ವೇನ್ ಎಂಬವರ ಪ್ರಯೋಗಶಾಲೆಗೆ ಒಯ್ದರು. ಅದೇ ಪ್ರಯೋಗಶಾಲೆಯ ಬಾಖಲೆ ಎಂಬವರು 1968ರಲ್ಲಿ ನಾಯಿಯ ಶ್ವಾಸಕೋಶದಿಂದ ತೆಗೆದ ಪರಿವರ್ತಕ ಕಿಣ್ವದ ಮೇಲೆ ಅದನ್ನು ಪ್ರಯೋಗಿಸಿದರು. ಕಿಣ್ವದ ಕೆಲಸ ನಿಂತಿತು. ಬ್ರಾಡಿಕೈನಿನನ್ನು ಹಾಳುಮಾಡುವ ಕಿಣ್ವ, ಒತ್ತಡ ಏರಿಸುವ ಕಿಣ್ವ ಎರಡೂ ಒಂದೇ ಎಂಬುದು 1970ರ ಹೊತ್ತಿಗೆ ಖಚಿತವಾಯಿತು.

ಅಮೆರಿಕದ ಸ್ಕ್ವಿಬ್ ಎಂಬ ಔಷಧ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ನಂಜಿನಿಂದ ಚಿಕ್ಕ ಚಿಕ್ಕ ಸರಗಳನ್ನು ಬಿಡಿಸಿ ತೆಗೆದರು. ಅವುಗಳಲ್ಲಿ ಒಂಬತ್ತು ಮಣಿಯ ಒಂದು ಸರವನ್ನು ರೋಗಿಗಳಿಗೆ ಸೂಜಿಯಿಂದ ಕೊಟ್ಟಾಗ ಒತ್ತಡ ಇಳಿಯಿತು. ಆದರೆ ಅದು ನುಂಗಿದರೆ ಕೆಲಸ ಮಾಡದು, ಹೊಟ್ಟೆಯಲ್ಲಿಯೇ ಜೀರ್ಣವಾಗಿಬಿಡುತ್ತದೆ. ಬದುಕಿರುವವರೆಗೂ ದಿನಕ್ಕೊಂದು ಸೂಜಿ ಚುಚ್ಚಿಸಿಕೊಳ್ಳಲು ಯಾವ ಕಾರ್ಮಿಕನಿಗೆ ಪುರಸತ್ತು? ಯಾರ ಬಳಿ ಹಣ?

ಇನ್ನೊಂದು ಬೀಗ ನೋಡಿ ಮಾಡಿದ ಕೈ

ಆಗ ಅವರು ಒಂದು ಉಪಾಯ ಹೂಡಿದರು. ಪರಿವರ್ತಕ ಕಿಣ್ವದ ಆಕಾರ ಗೊತ್ತಿರಲಿಲ್ಲ, ಸರಿ. ಆದರೆ ದನದ ಜೀರ್ಣಾಂಗದ ಕಾರ್ಬಾಕ್ಸಿಪೆಪ್ಟಿಡೇಸ್ ಎಂಬ ಇನ್ನೊಂದು ಕಿಣ್ವದ ಆಕಾರವನ್ನು ಹಾರ್ವರ್ಡಿನ ಲಿಪ್ಸ್‌ಕಂಬ್ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲಿ ಬಿಡಿಸಿದ್ದರು. ಅದರ ಸಂದಿನಲ್ಲಿ ಸತುವಿನ ಒಂದು ಪರಮಾಣು ಇದೆ. ಪರಿವರ್ತಕ ಕಿಣ್ವಕ್ಕೂ ಸತು ಬೇಕು. ಅದು ಸರದ ಕೊನೆಯ ಒಂದು ಮಣಿಯನ್ನು ಕತ್ತರಿಸುತ್ತದೆ, ಇದು ಎರಡನ್ನು. ಎರಡೂ ದಾಯಾದಿಗಳಿರಬೇಕೆಂದು ಊಹಿಸಿ, ದನದ ಕಿಣ್ವದ ಬೀಗಕ್ಕೆ ಹೊಂದುವ ಕೈಯನ್ನು ಒಂದು ಮಣಿಯಷ್ಟು ಉದ್ದ ಮಾಡಿದರು. ಅದರ ಒಂದು ತುದಿಗೆ ಹಾವಿನ ನಂಜಿನ ಸರದ ಕೊನೆಯಲ್ಲಿದ್ದ ಪ್ರೋಲೀನ್ ಎಂಬ ಮಣಿಯನ್ನು ಇಟ್ಟರು. ಇನ್ನೊಂದು ತುದಿಗೆ ಸತುವನ್ನು ಬಿಗಿಯಾಗಿ ಹಿಡಿಯುವ ಗಂಧಕವನ್ನು ಕೂಡಿಸಿದರು. 1975ರಲ್ಲಿ ಹೀಗೆ ತಯಾರಾದ ವಸ್ತುವೇ ಕ್ಯಾಪ್ಟೊಪ್ರಿಲ್. 1981ರಲ್ಲಿ ಅಮೆರಿಕದ ಸರಕಾರ ಅದನ್ನು ಮಾರಲು ಒಪ್ಪಿಗೆ ಕೊಟ್ಟಿತು. ಎಲ್ಲ 'ಪ್ರಿಲ್'ಗಳಿಗೂ ಅದೇ ಹಿರಿಯಣ್ಣ.

ಬೀಗ ಕಾಣದೆ ಕೈ ಮಾಡಿದರು, ಬೀಗ ಹೊಂದಿತು. ಕೋಟ್ಯಂತರ ಮಂದಿ ನುಂಗಿದರು. ಹಾಗಾದರೆ ಬೀಗವನ್ನು ಕಾಣುವ ಗೋಜು ಮತ್ತೇಕೆ ಎಂದು ನೀವು ಕೇಳಬಹುದು. ಉತ್ತರ ಮುಂದೆ ಬರುತ್ತದೆ. ಕಾಣುವುದು ಹೇಗೆ ಎಂಬುದನ್ನು ಮೊದಲು ಹೇಳಬೇಕು.

ಬಟ್ಟೆಯ ಮೂಲಕ ದೀಪ

ನೇಯ್ಗೆಯ ಎಳೆ ಎಣಿಸಲು ನೀವು ಭೂತಗನ್ನಡಿ ಹಿಡಿಯುತ್ತೀರಿ. ಕಿಣ್ವದ ಎಳೆಯನ್ನು ಯಾವ ಭೂತಗನ್ನಡಿಯಿಂದಲೂ ಎಣಿಸಲಾಗದು. ಒಂದು ಮಿಲಿಮೀಟರನ್ನು 50 ಲಕ್ಷ ಭಾಗ ಮಾಡಿ ಅದರಲ್ಲಿ ಒಂದು ಭಾಗದಷ್ಟು ಸೂಕ್ಷ್ಮವನ್ನು ನೋಡಬೇಕಾಗುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಗಳು ಅದಕ್ಕಿಂತ ಸಾವಿರಾರು ಪಾಲು ದೊಡ್ಡವು. ಚೀಲ ಹೊಲಿಯುವ ದಬ್ಬಳದಿಂದ ಮಸ್ಲಿನ್ ಬಟ್ಟೆಯ ಎಳೆ ಬಿಡಿಸಲು ಹೋದಂತಾದೀತು. ಅಷ್ಟು ಸಣ್ಣ ಅಲೆ ಇರುವುದು ಕ್ಷ-ಕಿರಣಕ್ಕೆ. ಆದರೆ ಕ್ಷ-ಕಿರಣವನ್ನು ಪರಮಾಣುಗಳ ಚಿತ್ರ ಮೂಡುವಂತೆ ಹಿಡಿದು ಕೂಡಿಸುವ ಗಾಜಿಲ್ಲ.

ಇದಕ್ಕೊಂದು ಸುತ್ತು ದಾರಿಯಿದೆ. ಅದನ್ನು ಇಂದು ರಾತ್ರಿಯೇ ನೀವು ನೋಡಬಹುದು. ನಯವಾದ ನೇಯ್ಗೆಯ ತೆಳು ಬಟ್ಟೆಯನ್ನೋ ಕೊಡೆಯ ಬಟ್ಟೆಯನ್ನೋ ಕಣ್ಣಿಗೆ ಹತ್ತಿರ ಹಿಡಿದು ದೂರದ ಬೀದಿದೀಪವನ್ನು ನೋಡಿ. ಒಂದು ದೀಪದ ಬದಲು ಅಡ್ಡಕ್ಕೂ ಉದ್ದಕ್ಕೂ ಸಾಲಾಗಿ ನಿಂತ ಹಲವು ಬೆಳಕಿನ ಚುಕ್ಕೆಗಳು ಕಾಣುತ್ತವೆ. ಬಟ್ಟೆ ತಿರುಗಿಸಿದರೆ ಚುಕ್ಕೆಗಳೂ ತಿರುಗುತ್ತವೆ. ನೇಯ್ಗೆ ನಯವಾದಷ್ಟೂ ಚುಕ್ಕೆಗಳು ದೂರ ದೂರ ಸರಿಯುತ್ತವೆ. ಬಟ್ಟೆಯನ್ನು ನೋಡದೆ, ಚುಕ್ಕೆಗಳನ್ನಷ್ಟೇ ಅಳೆದು, ಹಾಸು ಹೊಕ್ಕು ಎಷ್ಟು ಒತ್ತಾಗಿವೆ ಎಂದು ಲೆಕ್ಕ ಹಾಕಿ ಹೇಳಬಹುದು.

ಸ್ಫಟಿಕವೆಂದರೆ ಪ್ರಕೃತಿಯೇ ನೇಯ್ದ ಬಟ್ಟೆ. ಕಲ್ಲುಸಕ್ಕರೆಯಲ್ಲಿ, ಉಪ್ಪಿನ ಹರಳಿನಲ್ಲಿ ಒಂದೇ ಬಗೆಯ ಕಣಗಳು ಸಾಲುಸಾಲಾಗಿ ನಿಂತಿರುತ್ತವೆ. ಅದರ ಮೂಲಕ ಕ್ಷ-ಕಿರಣ ಹಾಯಿಸಿದರೆ ಚುಕ್ಕೆಗಳು ಮೂಡುತ್ತವೆ. ಇದನ್ನು 1912ರಲ್ಲಿ ಜರ್ಮನಿಯ ಲವೆ ಕಂಡರು. ಚುಕ್ಕೆಗಳಿಂದ ಪರಮಾಣುಗಳ ಜಾಗವನ್ನು ಲೆಕ್ಕ ಹಾಕುವ ಬಗೆಯನ್ನು ಇಂಗ್ಲೆಂಡಿನ ಬ್ರಾಗ್ ತಂದೆ ಮಕ್ಕಳು ತೋರಿಸಿದರು. ಆದರೆ ಉಪ್ಪಿನ ಲೆಕ್ಕ ಬೇರೆ, ಪ್ರೊಟೀನಿನ ಲೆಕ್ಕ ಬೇರೆ. ಪ್ರೊಟೀನಿನಲ್ಲಿ ಸಾವಿರಾರು ಪರಮಾಣುಗಳು, ಚುಕ್ಕೆಗಳೂ ಸಾವಿರಗಟ್ಟಲೆ. ಮ್ಯಾಕ್ಸ್ ಪೆರುಟ್ಜ್ ರಕ್ತದ ಕೆಂಪು ಪ್ರೊಟೀನಿನ ಕೆಲಸವನ್ನು 1937ರಲ್ಲಿ ಕೈಗೆತ್ತಿಕೊಂಡವರು ಅದರ ಆಕಾರ ಕಂಡದ್ದು 1959ರಲ್ಲಿ. ಕಿಣ್ವಗಳಲ್ಲಿ ಮೊದಲು ಬಿಡಿಸಿದ್ದು ಕೋಳಿಮೊಟ್ಟೆಯ ಬಿಳಿಯಲ್ಲಿರುವ ಲೈಸೊಜೈಮನ್ನು. 1965ರಲ್ಲಿ, ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು.

ಈ ವಿದ್ಯೆಗೆ ನಮ್ಮ ನಾಡಿನ ಕಾಣಿಕೆಯೂ ಇದೆ. ಪ್ರೊಟೀನಿನ ದಾರ ಯಾವ ಯಾವ ಕೋನದಲ್ಲಿ ತಿರುಗಬಹುದು, ಯಾವ ಕೋನದಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ತಿರುಗಲಾರವು ಎಂಬುದರ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಮೂವರು ಪ್ರಕಟಿಸಿದರು. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಈ ಶಾಸ್ತ್ರಕ್ಕೆಂದೇ ಒಂದು ವಿಭಾಗ ಕಟ್ಟಿದರು. ಇಂದಿಗೂ ಜಗತ್ತಿನಲ್ಲಿ ಯಾರು ಯಾವ ಪ್ರೊಟೀನಿನ ಆಕಾರ ಬಿಡಿಸಿದರೂ, ಸರಿಯಿದೆಯೇ ಎಂದು ರಾಮಚಂದ್ರನ್ ನಕ್ಷೆಯ ಮೇಲಿಟ್ಟು ನೋಡುತ್ತಾರೆ.

ಕೇಪ್‌ಟೌನಿನಿಂದ ಬಾತ್ ನಗರಕ್ಕೆ

ಪರಿವರ್ತಕ ಕಿಣ್ವ ಮಾತ್ರ ಬಹಳ ಕಾಲ ಯಾರ ಕೈಗೂ ಸಿಕ್ಕಲಿಲ್ಲ. ಸಾಲುಗೂಡಿ ಸ್ಫಟಿಕವಾಗಲು ಒಪ್ಪದಿದ್ದುದೇ ಕಾರಣ. ಅದರ ಮೈಮೇಲೆಲ್ಲ ಸಕ್ಕರೆಯ ಕವಲುಗಳು ಬೆಳೆದಿರುತ್ತವೆ; ಒಂದೊಂದು ಕಣದಲ್ಲಿ ಒಂದೊಂದು ಬಗೆ. ಒಂದು ಅಳತೆಯ ಇಟ್ಟಿಗೆಗಳಾದರೆ ಗೋಡೆ ಕಟ್ಟಬಹುದು, ಮುಳ್ಳುಕಂಟಿಗಳನ್ನು ಒಟ್ಟಿ ಕಟ್ಟಲಾದೀತೇ? ಅದೂ ಅಲ್ಲದೆ ಈ ಕಿಣ್ವ ಜೀವಕೋಶದ ಪೊರೆಗೆ ಒಂದು ಬಾಲದಿಂದ ಅಂಟಿಕೊಂಡಿರುತ್ತದೆ.

ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿಶ್ವವಿದ್ಯಾಲಯದ ಎಡ್ವರ್ಡ್ ಸ್ಟರಕ್ ಮತ್ತು ಸಿಲ್ವ ಶ್ವಾಗರ್ ಈ ಗಂಟನ್ನು ಬಿಡಿಸಲು ಕುಳಿತರು. ನಮ್ಮ ಮೈಯಲ್ಲಿ ಈ ಕಿಣ್ವದ ಎರಡು ರೂಪಗಳಿವೆ. ರಕ್ತನಾಳಗಳಲ್ಲಿರುವುದು ಸುಮಾರು 1,300 ಮಣಿಗಳ ದೊಡ್ಡದು. ಅದರಲ್ಲಿ ಒಂದನ್ನೊಂದು ಹೋಲುವ ಎರಡು ಅರೆಗಳು, ಎರಡರಲ್ಲಿಯೂ ಒಂದೊಂದು ಬೀಗ. ಇದು 1988ರಲ್ಲಿ ಪ್ಯಾರಿಸ್ಸಿನವರು ಕಿಣ್ವದ ಮಣಿಗಳ ಪೂರ್ತಿ ಸಾಲನ್ನು ಓದಿದಾಗ ತಿಳಿದ ಸಂಗತಿ. ಗಂಡಸಿನ ವೃಷಣದಲ್ಲಿರುವುದು ಸುಮಾರು 700 ಮಣಿಯ ಚಿಕ್ಕದು. ದೊಡ್ಡದರ ಎರಡನೆಯ ಅರೆಯೂ ಇದೂ ಹೆಚ್ಚುಕಡಮೆ ಒಂದೇ. ಕೇಪ್‌ಟೌನಿನವರು ಈ ಚಿಕ್ಕದನ್ನು ಆರಿಸಿ, ಬಾಲ ತೆಗೆದು, ತಲೆಯ ಕಡೆಯ 36 ಮಣಿಗಳನ್ನೂ ಬಿಟ್ಟು, ಸಾಕಿದ ಜೀವಕೋಶಗಳಲ್ಲಿ ತಯಾರಿಸಿದರು. ಸಕ್ಕರೆಯ ಕವಲುಗಳು ಉದ್ದ ಬೆಳೆಯದಂತೆ ತಡೆಯುವ ವಸ್ತುವನ್ನು ಜೊತೆಗೆ ಕೂಡಿಸಿದರು. ಮುಳ್ಳುಕಂಟಿ ಇಟ್ಟಿಗೆಯಾಯಿತು.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಭಾರತ ಮೂಲದ ರವಿ ಆಚಾರ್ಯ ಮತ್ತು ರಾಮನಾಥನ್ ನಟೇಶ್ ಅದರ ಸ್ಫಟಿಕಗಳಿಂದ ಆಕಾರವನ್ನು ಬಿಡಿಸಿದರು. ಕಿಣ್ವವನ್ನು ಬರಿದಾಗಿಯೂ, ಲಿಸಿನೋಪ್ರಿಲ್ ಮಾತ್ರೆಯ ವಸ್ತು ಒಳಗೆ ಕೂತಿರುವಾಗಲೂ ನೋಡಿದರು. 2003ರ ಜನವರಿಯಲ್ಲಿ ನಾಲ್ವರ ಹೆಸರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮೊದಲ ಮಾತ್ರೆ ತಯಾರಾದ 28 ವರ್ಷಗಳ ಮೇಲೆ ಬೀಗ ಕಂಡಿತು.

ಕಂಡದ್ದೇನು?

ಮೊದಲನೆಯದಾಗಿ, ದಾಯಾದಿಯೆಂದು ಊಹಿಸಿದ ದನದ ಕಿಣ್ವಕ್ಕೂ ಇದಕ್ಕೂ ರೂಪದಲ್ಲಿ ಹೋಲಿಕೆಯೇ ಇಲ್ಲ! ಸತುವಿನ ಪರಮಾಣು ಇರುವುದು ನಿಜ, ಉಳಿದದ್ದೆಲ್ಲ ಬೇರೆ. ಇದರ ನಿಜವಾದ ದಾಯಾದಿ ಮೆದುಳಿನಲ್ಲಿ ಕೆಲಸ ಮಾಡುವ ನ್ಯೂರೊಲೈಸಿನ್ ಎಂಬ ಕಿಣ್ವ. 1975ರ ಊಹೆ ಬೀಗದ ಬಾಯಿಯಷ್ಟರ ಮಟ್ಟಿಗೆ ಸರಿಯಾಗಿತ್ತು. ಬೀಗದ ಒಡಲನ್ನು ಕಾಣದೆ ತಿಳಿಯುವಂತಿರಲಿಲ್ಲ.

ಎರಡನೆಯದಾಗಿ, ಕಿಣ್ವದ ನಡುವೆ ಒಂದು ಆಳವಾದ ಇಕ್ಕಟ್ಟಿನ ಓಣಿ ಇದೆ. ಓಣಿಯ ಬಾಯಿಗೆ ಮುಚ್ಚಳದಂತಹ ರಚನೆ. ದೊಡ್ಡ ಪ್ರೊಟೀನುಗಳು ಒಳಗೆ ನುಗ್ಗಲಾರವು. ಚಿಕ್ಕ ಸರಗಳು ಮಾತ್ರ ಹೋಗುತ್ತವೆ. ಈ ಕಿಣ್ವ ರಕ್ತದಲ್ಲಿರುವ ಇತರ ಪ್ರೊಟೀನುಗಳನ್ನೆಲ್ಲ ಏಕೆ ತುಂಡರಿಸುವುದಿಲ್ಲ ಎಂಬುದಕ್ಕೆ ಕಾರಣ ಸಿಕ್ಕಿತು.

ಮೂರನೆಯದಾಗಿ, ಸತುವಿನಿಂದ ದೂರದಲ್ಲಿ ಎರಡು ಕ್ಲೋರೈಡು ಕಣಗಳು ಕೂತಿವೆ. ಉಪ್ಪಿನ ಈ ಕ್ಲೋರೈಡು ಇಲ್ಲದೆ ಕಿಣ್ವ ಸರಿಯಾಗಿ ನಡೆಯದೆಂದು ಸ್ಕೆಗ್ಸ್ 1950ರ ದಶಕದಲ್ಲಿಯೇ ಗಮನಿಸಿದ್ದರು. ಅದು ಕೂಡುವ ಜಾಗ ಅರ್ಧ ಶತಮಾನದ ಮೇಲೆ ಕಂಡಿತು.

ನಾಲ್ಕನೆಯದಾಗಿ, ಮಾತ್ರೆ ಕೂಡುವ ಬಗೆ. ಅದು ಓಣಿಯ ಆಳದಲ್ಲಿ ಸತುವನ್ನು ಹಿಡಿದು ಜಾಗ ತುಂಬಿಕೊಂಡು ಕೂಡುತ್ತದೆ. ಹತ್ತು ಮಣಿಯ ಸರ ಬಂದರೆ ಒಳಗೆ ಎಡೆಯಿಲ್ಲ. ಆದರೆ ಮಾತ್ರೆ ಬೀಗವನ್ನು ಒಡೆಯುವುದಿಲ್ಲ, ಕೂತಿರುತ್ತದೆ ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ಬಿಟ್ಟುಹೋಗುತ್ತದೆ; ಮೂತ್ರದಲ್ಲಿಯೂ ಮಲದಲ್ಲಿಯೂ ಮೈಯಿಂದ ಹೊರಬೀಳುತ್ತದೆ. ಜಾಗ ತೆರವಾಯಿತೆಂದರೆ ಕಿಣ್ವ ಮತ್ತೆ ತನ್ನ ಕೆಲಸಕ್ಕೆ ತೊಡಗುತ್ತದೆ. ಆದುದರಿಂದಲೇ ದಿನದಿನವೂ ಮಾತ್ರೆ ಬೇಕು. ಒಂದು ತಿಂಗಳು ನುಂಗಿ ವಾಸಿಯಾಯಿತೆಂದು ಬಿಡುವುದೆಂದರೆ, ರಾತ್ರಿ ಕಾವಲುಗಾರನಿದ್ದುದರಿಂದ ಕಳ್ಳತನವಾಗಲಿಲ್ಲ, ಇನ್ನು ಕಾವಲೇತಕ್ಕೆ ಎಂದು ಅವನನ್ನು ಬಿಡಿಸಿದಂತೆ.

ಕೆಮ್ಮಿನ ಮೂಲ

ಈಗ ಎರಡನೆಯ ಕೆಲಸದ ಮಾತಿಗೆ ಬರೋಣ. ಮಾತ್ರೆ ಕೂತಾಗ ಒತ್ತಡ ಏರಿಸುವ ಕೆಲಸ ನಿಲ್ಲುತ್ತದೆ. ಜೊತೆಗೆ ಬ್ರಾಡಿಕೈನಿನ್ ಹಾಳುಮಾಡುವ ಕೆಲಸವೂ ನಿಲ್ಲುತ್ತದೆ. ಬ್ರಾಡಿಕೈನಿನ್ ಹೆಚ್ಚಿದರೆ ನಾಳ ಸಡಿಲವಾಗುವುದು ಒಳ್ಳೆಯದೇ. ಆದರೆ ಅದು ಉಸಿರಿನ ಹಾದಿಯಲ್ಲಿ ಕೂಡಿಕೊಂಡು ಒಣಕೆಮ್ಮು ತರುತ್ತದೆಂದು ತಿಳಿದವರು ಹೇಳುತ್ತಾರೆ. ಬೇರೆ ಬೇರೆ ಅಧ್ಯಯನಗಳು ನೂರಕ್ಕೆ 5ರಿಂದ 35 ಮಂದಿಯವರೆಗೆ ಈ ಕೆಮ್ಮನ್ನು ಕಂಡಿವೆ. ಬಹಳ ಅಪರೂಪವಾಗಿ ಮುಖ, ತುಟಿ, ನಾಲಗೆ ಊದಿಕೊಳ್ಳುವುದೂ ಉಂಟು. ಅದು ಪ್ರಾಣಾಪಾಯ, ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಬೀಗ ಕಾಣುವ ಗೋಜು ಏಕೆ ಎಂದು ಆಗಲೇ ಕೇಳಿದೆವಲ್ಲ, ಉತ್ತರ ಇಲ್ಲಿದೆ. ದೊಡ್ಡ ಕಿಣ್ವದಲ್ಲಿ ಎರಡು ಬೀಗಗಳಿವೆ ಎಂದೆವು. ಒತ್ತಡ ಏರಿಸುವ ಕೆಲಸದಲ್ಲಿ ಎರಡನೆಯ ಅರೆಯದೇ ಮುಖ್ಯ ಪಾತ್ರ. ಬ್ರಾಡಿಕೈನಿನನ್ನು ಎರಡೂ ಅರೆಗಳು ಕತ್ತರಿಸುತ್ತವೆ. ಎರಡನೆಯದನ್ನು ಮಾತ್ರ ಮುಚ್ಚುವ ಕೈ ಮಾಡಿದರೆ ಒತ್ತಡವೂ ಇಳಿದೀತು, ಮೊದಲನೆಯದು ಬ್ರಾಡಿಕೈನಿನನ್ನು ತೆಗೆಯುತ್ತ ಇದ್ದೀತು, ಕೆಮ್ಮೂ ಊತವೂ ಕಡಮೆಯಾದಾವು. ಎರಡೂ ಬೀಗಗಳ ಸಣ್ಣ ಸಣ್ಣ ವ್ಯತ್ಯಾಸಗಳನ್ನು ಪರಮಾಣುವಿನ ಮಟ್ಟದಲ್ಲಿ ಕಾಣದೆ ಅಂಥ ಕೈಯನ್ನು ಮಾಡಲಾಗದು. 2006ರಲ್ಲಿ ಮೊದಲನೆಯ ಅರೆಯ ಆಕಾರವೂ ಬಂತು; 2022ರಲ್ಲಿ ಕೇಪ್‌ಟೌನಿನವರು ಕಿಣ್ವವನ್ನು ತೀರ ತಣ್ಣಗೆ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಎರಡೂ ಅರೆಗಳನ್ನು ಒಟ್ಟಿಗೆ ನೋಡಿದರು.

ಆದರೂ ಒಂದೇ ಬೀಗ ಮುಚ್ಚುವ ಮಾತ್ರೆ ಇನ್ನೂ ಅಂಗಡಿಗೆ ಬಂದಿಲ್ಲ. ನಕ್ಷೆ ಸಿಕ್ಕಿದ ಮಾತ್ರಕ್ಕೆ ಮನೆ ಎದ್ದು ನಿಲ್ಲುವುದಿಲ್ಲ. ಪ್ರಾಣಿಗಳ ಮೇಲೆ, ಮನುಷ್ಯರ ಮೇಲೆ ವರ್ಷಾನುಗಟ್ಟಲೆ ಪರೀಕ್ಷೆ ನಡೆಯಬೇಕು. ಅದಕ್ಕೆ ಅಪಾರ ಹಣ ಬೇಕು.

ಯಾರ ಸ್ವತ್ತು?

ವರ್ತಕ ಮಿತ್ರರು ಕೇಳಬಹುದು: ಇಷ್ಟೆಲ್ಲ ದುಡಿಮೆಯ ಫಲ ಯಾರ ಕೈಸೇರಿತು? ಲೆಕ್ಕವನ್ನು ಎರಡು ಪುಟಗಳಲ್ಲಿ ಬರೆಯಬೇಕು.

ಹಾವು ಬ್ರೆಜಿಲಿನದು, ಮೊದಲ ಸುಳಿವು ಬ್ರೆಜಿಲಿನ ವಿದ್ವಾಂಸರದು. ಕ್ಯಾಪ್ಟೊಪ್ರಿಲಿನ ಪೇಟೆಂಟು ಅಮೆರಿಕದ ಕಂಪನಿಯದಾಯಿತು. ನಂಜು ಕೊಟ್ಟ ನಾಡಿಗೆ ಅದರಲ್ಲಿ ಪಾಲಿರಲಿಲ್ಲ. ಇದು ಒಂದು ಪುಟ. ಕಿಣ್ವದ ಆಕಾರವಾದರೋ ಎರಡು ವಿಶ್ವವಿದ್ಯಾಲಯಗಳ ಕೆಲಸ. ಪ್ರತಿಯೊಂದು ಪರಮಾಣುವಿನ ಸ್ಥಾನವನ್ನೂ ಅವರು ಪ್ರೊಟೀನ್ ಡೇಟಾ ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಿದರು. 1971ರಲ್ಲಿ ಆರಂಭವಾದ ಈ ಭಂಡಾರದಲ್ಲಿ 1ಒ86 ಎಂಬ ಗುರುತಿನಡಿ ಅದು ಇಂದಿಗೂ ಇದೆ. ಯಾವ ದೇಶದ ಯಾವ ವಿದ್ಯಾರ್ಥಿಯೂ ಒಂದು ಕಾಸು ಕೊಡದೆ ಅದನ್ನು ತೆರೆದು ನೋಡಬಹುದು. ನಮ್ಮ ಊರಿನ ಕಾಲೇಜಿನ ಹುಡುಗಿಯೂ ನೋಡಬಹುದು. ಇದು ಇನ್ನೊಂದು ಪುಟ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಸಂಗತಿ ಹೇಳಲೇಬೇಕು. 1970ರ ಪೇಟೆಂಟು ಕಾಯಿದೆ 1972ರಲ್ಲಿ ಜಾರಿಗೆ ಬಂತು. ಅದರಂತೆ ಔಷಧದ ವಸ್ತುವಿಗೆ ಪೇಟೆಂಟು ಇರಲಿಲ್ಲ. ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಬೇರೆ ವಿಧಾನ ಕಂಡುಕೊಂಡ ನಮ್ಮ ಕಾರ್ಖಾನೆಗಳು ಹೊಸ ಔಷಧಗಳನ್ನು ಅಗ್ಗವಾಗಿ ತಯಾರಿಸಿದವು. 2005ರಿಂದ ವಸ್ತುವಿಗೂ ಪೇಟೆಂಟು ಸಲ್ಲುತ್ತದೆ. ಹಳೆಯ 'ಪ್ರಿಲ್'ಗಳ ಪೇಟೆಂಟುಗಳು ಮುಗಿದುಹೋಗಿರುವುದರಿಂದ ಅವು ಅಗ್ಗವಾಗಿಯೇ ಇವೆ. ಎನಲಾಪ್ರಿಲ್ ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿಯೂ ಇದೆ. ನಾಳೆ ಕೆಮ್ಮು ತಾರದ ಹೊಸ ಮಾತ್ರೆ ಬಂದರೆ ಅದರ ಬೆಲೆಯನ್ನು ಯಾರು ಕಟ್ಟುತ್ತಾರೆ? ಸಾರ್ವಜನಿಕ ಭಂಡಾರದಲ್ಲಿ ಬಿಟ್ಟಿ ಸಿಗುವ ನಕ್ಷೆಯಿಂದ ಹುಟ್ಟಿದ ಮಾತ್ರೆ ಗಿರಣಿಯ ಕಾರ್ಮಿಕನಿಗೆ ಎಟುಕದಂತಾದರೆ ಅದು ನ್ಯಾಯವೇ? ಈ ಪ್ರಶ್ನೆಯನ್ನು ಈಗಿನಿಂದಲೇ ಕೇಳುತ್ತಿರಬೇಕು.

ನಾವು ಮಾಡಬೇಕಾದುದು

ನಾವು ವೈದ್ಯರಲ್ಲ, ಯಾರಿಗೆ ಯಾವ ಮಾತ್ರೆ ಎಂದು ಹೇಳಲು ನಿಂತವರಲ್ಲ. ಆದರೆ ಈ ಕಥೆಯಿಂದ ನಮಗೆ ಸಿಗುವ ನಾಲ್ಕು ನಡೆಗಳನ್ನು ಹೇಳಿ ಮುಗಿಸುತ್ತೇವೆ.

ಮೂವತ್ತು ದಾಟಿದವರೆಲ್ಲ ರಕ್ತದ ಒತ್ತಡ ಅಳೆಯಿಸಿಕೊಳ್ಳಿ. ಮತ್ತೆ ಮತ್ತೆ ಅಳೆದಾಗಲೂ 140ಕ್ಕೆ 90 ಅಥವಾ ಅದಕ್ಕೆ ಮೇಲೆ ಇದ್ದರೆ ವೈದ್ಯರನ್ನು ಕಾಣಿ. ನೋವಿಲ್ಲವೆಂದು ಸುಮ್ಮನಿರಬೇಡಿ, ಈ ರೋಗ ಬಹಳ ಕಾಲ ನೋವು ಕೊಡದೆಯೇ ಕೆಡಿಸುತ್ತದೆ.

ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಒಣಕೆಮ್ಮು ಬಂದರೆ ಯಾವ ಮಾತ್ರೆ ನುಂಗುತ್ತಿದ್ದೀರೆಂದು ಅದರ ಹಾಳೆಯನ್ನೇ ವೈದ್ಯರಿಗೆ ತೋರಿಸಿ ಕೇಳಿ. ಈ ಕಿಣ್ವದ ತಂಟೆಗೆ ಹೋಗದೆ, ಎಂಟು ಮಣಿಯ ಸರ ಮುಂದೆ ಹೋಗಿ ತಾಗುವ ಜಾಗವನ್ನೇ ಮುಚ್ಚುವ ಲೊಸಾರ್ಟಾನ್ ಮುಂತಾದ ಔಷಧಗಳಿವೆ. ಅವುಗಳಿಂದ ಈ ಕೆಮ್ಮು ಬರುವುದು ಬಹಳ ಕಡಮೆ. ಬದಲಾಯಿಸಬೇಕೇ ಬೇಡವೇ ಎಂಬುದನ್ನು ಅವರು ಹೇಳುತ್ತಾರೆ.

ಮನೆಯ ಹೆಣ್ಣುಮಕ್ಕಳು ಈ ಮಾತ್ರೆ ನುಂಗುತ್ತಿದ್ದು ಬಸಿರಾದರೆ ಅಥವಾ ಬಸಿರಾಗುವ ಯೋಚನೆಯಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. 'ಪ್ರಿಲ್' ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಬಸಿರಿನಲ್ಲಿ ಇವು ಕೂಡದು.

ಕಡೆಯದಾಗಿ, ಸರಕಾರಿ ಆಸ್ಪತ್ರೆಯಲ್ಲಿ ಈ ಮಾತ್ರೆಗಳು ತಿಂಗಳೆಲ್ಲ ಸಿಗುತ್ತವೆಯೇ ಎಂದು ವಿಚಾರಿಸಿ. ಇಲ್ಲವಾದರೆ ಏಕೆ ಇಲ್ಲ ಎಂದು ಸಂಘದ ಮೂಲಕ ಬರೆದು ಕೇಳಿ. ಹದಿನೈದು ದಿನ ಕೊಟ್ಟು ಹದಿನೈದು ದಿನ ಇಲ್ಲವೆನ್ನುವುದರಿಂದ ರೋಗಿಗೆ ಅರ್ಧ ಲಾಭವಾಗುವುದಿಲ್ಲ. ಮಾತ್ರೆ ಇಲ್ಲದ ದಿನ ಕಿಣ್ವ ರಜೆ ಹಾಕುವುದಿಲ್ಲ.

 ಪ್ರಶ್ನೆಗಳಿದ್ದರೆ ಕೇಳಿ, ತೆಳು ಬಟ್ಟೆ ತಂದವರು ಹೋಗುವಾಗ ಬೀದಿದೀಪವನ್ನು ನೋಡಿಕೊಂಡು ಹೋಗಿ.